ಇಂಗಿನ ದುಂಡಪ್ಪನ ಗೊರಕೆ

ನಮ್ಮೂರಿನಲ್ಲಿ ಎದುರಿಗೆ ಸಿಕ್ಕವರನ್ನು 'ಹೇಗಿದ್ದೀರಿ' ಎಂದು ಕೇಳುವುದು ಮರ್ಯಾದೆಯಲ್ಲ. ಕೇಳಿದರೆ, ಒಂದೋ ನಿಮಗೆ ನೆಗಡಿಯಾಗಿದೆ, ಇಲ್ಲವೋ ಎದುರಿನವರನ್ನು ಮೂಸಿ ನೋಡುವಷ್ಟೂ ಬೆಲೆ ನೀವು ಕೊಡುತ್ತಿಲ್ಲ ಎಂದು ಅರ್ಥ. ನೆಗಡಿಯಾದವರು ಮೂಗಿನ ಮೇಲೆ ಬೆರಳಿಟ್ಟು, "ತಪ್ಪು ತಿಳೀಬ್ಯಾಡ್ರಿ, ಮೂಗು ಕಟ್ಟೇತಿ" ಎಂದು ಮೊದಲು ಹೇಳಿ ಆಮೇಲೆ ವಿಚಾರಿಸಬೇಕು. ಉಳಿದವರಿಗೆ ವಿಚಾರಿಸುವ ಪ್ರಸಂಗವೇ ಬರುವುದಿಲ್ಲ. ಸಿಟ್ಟು ಬಂದವರ ಮೈ ಸೀದ ಸಾಸಿವೆಯ ಹಾಗೆ ಘಾಟು ಹೊಡೆಯುತ್ತದೆ. ದುಃಖಕ್ಕೆ ಒದ್ದೆ ಗೋಣಿಚೀಲದ ವಾಸನೆ. ನಾಚಿಕೆಗೆ, ಬಹಳ ದಿನ ಮುಚ್ಚಿಟ್ಟ ಟ್ರಂಕನ್ನು ತೆರೆದಾಗ ಬರುತ್ತದಲ್ಲ, ಅದು. ಸಂತೋಷವಾದರೆ ತುಪ್ಪದಲ್ಲಿ ರವೆ ಹುರಿದಂತೆ. ಸುಳ್ಳು ಹೇಳುವವರು ನುಸಿಗುಳಿಗೆಯ ಹಾಗೆ ನಾರುತ್ತಾರೆ. ಆದ್ದರಿಂದಲೇ ನಮ್ಮಲ್ಲಿ ಚುನಾವಣೆಯ ಭಾಷಣಗಳನ್ನು ಬಯಲಿನಲ್ಲಿ, ಅದೂ ಚೆನ್ನಾಗಿ ಗಾಳಿ ಬೀಸುವ ಹೊತ್ತಿನಲ್ಲಿ ಮಾತ್ರ ಇಟ್ಟುಕೊಳ್ಳುತ್ತಾರೆ.

ಇಂಥ ಊರಿನಲ್ಲಿ ವಾಸನೆಯಿಲ್ಲದ ಮನುಷ್ಯ ಒಬ್ಬನೇ ಇದ್ದ. ಇಂಗಿನ ದುಂಡಪ್ಪ. ಹಸಿ ಇಂಗಿಗೆ ಮೈದಾ, ಗೋಂದು ಹಾಕಿ ನಾದಿ, ಒಣಗಿಸಿ, ಡಬ್ಬಿಗೆ ತುಂಬಿ ಮಾರುವುದು ಅವನ ಕೆಲಸ. ಅವನ ಅಪ್ಪನೂ ಅದನ್ನೇ ಮಾಡಿದ್ದ. ತೊಟ್ಟಿಲನ್ನು ಇಂಗಿನ ಮನೆಯಲ್ಲೇ ಕಟ್ಟಿದ್ದರಂತೆ. ಹೀಗಾಗಿ ದುಂಡಪ್ಪ ಸಿಟ್ಟಿಗೆದ್ದರೂ ಇಂಗು, ನಕ್ಕರೂ ಇಂಗು. ಎಷ್ಟು ಸೀಗೆಕಾಯಿ ತಿಕ್ಕಿದರೂ ಇಂಗು. ಯಾವಾಗ ನೋಡಿದರೂ ಒಂದು ಚಾಷ್ಟಿ, ತಮಾಷೆ ಮಾಡಿಕೊಂಡೇ ಇರುತ್ತಿದ್ದುದರಿಂದ, ಊರಿನವರು ಅವನನ್ನು ಚಿಂತೆಯೇ ಇಲ್ಲದ ಮನುಷ್ಯ ಎಂದು ತೀರ್ಮಾನಿಸಿ ಸುಮ್ಮನಾಗಿದ್ದರು. ಅವನ ಹೆಂಡತಿ ಕಾಶವ್ವನ ಮೂಗು ಊರಿಗೇ ದೊಡ್ಡದು. ಆಕಾರದಲ್ಲಿ ಅಲ್ಲ, ಕೆಲಸದಲ್ಲಿ. ಸಂಬಂಧ ಕುದುರಿಸುವ ಮೊದಲು ಗಂಡನ್ನು ಮೂಸಿ ನೋಡಲು ಅವಳನ್ನು ಕರೆಸುತ್ತಿದ್ದರು. ಇಷ್ಟು ಗಂಡುಗಳನ್ನು ಮೂಸಿದವಳು ತನಗೆ ಇಂಗಿನವನನ್ನು ಯಾಕೆ ಒಪ್ಪಿಕೊಂಡಳು ಎಂದು ಯಾರಾದರೂ ಕೆಣಕಿದರೆ, "ನನ್ನ ಮೂಗಿಗೂ ಮನಿಯಾಗ ಸ್ವಲ್ಪ ರಜಾ ಬ್ಯಾಡೇನ್ರಿ" ಎನ್ನುತ್ತಿದ್ದಳು.

ರಜೆ ಬೇಕಾದವರು ಅವಳೊಬ್ಬಳೇ ಆಗಿರಲಿಲ್ಲ. ದುಂಡಪ್ಪನ ಇಂಗಿನ ಮನೆಗೆ ಹೋದರೆ ನಿಮ್ಮ ವಾಸನೆಯೂ ಮುಚ್ಚಿಹೋಗುತ್ತದೆ. ಊರಿನಲ್ಲಿ ಒಬ್ಬರಿಗೂ ಗೊತ್ತಾಗದ ಹಾಗೆ ಅಳುವುದಕ್ಕೆ ಇದ್ದ ಜಾಗ ಅದೊಂದೇ. ಹೊಸ ಸೊಸೆಯಂದಿರು ಒಗ್ಗರಣೆಗೆ ಇಂಗು ತರುತ್ತೇವೆಂದು ಹೋಗಿ, ಸಾರು ಆರಿ ತಣ್ಣಗಾದ ಮೇಲೆ ಬರುತ್ತಿದ್ದರು. ಪಾಲಾದ ಅಣ್ಣತಮ್ಮಂದಿರು ಬೇರೆಬೇರೆ ದಿನ ಹೋಗುತ್ತಿದ್ದರು. ನಾನೂ ಹೋಗಿದ್ದೇನೆ, ಯಾಕೆ ಎಂಬುದು ಈ ಕಥೆಗೆ ಬೇಕಿಲ್ಲ. ದುಂಡಪ್ಪ ಇಂಗು ನಾದುತ್ತಲೇ ಎಲ್ಲ ಕೇಳಿ, ಕೊನೆಗೆ ಏನಾದರೊಂದು ನಗೆಮಾತು ಹೇಳಿ ಕಳಿಸುತ್ತಿದ್ದ. ಕೇಳಿದ್ದನ್ನು ಇನ್ನೊಬ್ಬರಿಗೆ ಹೇಳುತ್ತಿರಲಿಲ್ಲ. ಬರಿಗೈಯಲ್ಲಿ ಮರಳುವಂತಿಲ್ಲವಲ್ಲ, ಎಲ್ಲರೂ ಒಂದೊಂದು ಡಬ್ಬಿ ಕೊಂಡು ಬರುತ್ತಿದ್ದರು. ನಮ್ಮೂರಿನ ಸಾರಿನಲ್ಲಿ ಇಂಗು ಜಾಸ್ತಿ ಎಂದು ಪರಊರಿನವರು ಆಡಿಕೊಳ್ಳುತ್ತಾರೆ. ಅದು ಅಡುಗೆಯವರ ದೋಷವಲ್ಲ. ಕೊಂಡದ್ದು ಖರ್ಚಾಗಬೇಕಲ್ಲ.

ನಾನು ಊರಿನ ಲೈಬ್ರರಿ ನೋಡಿಕೊಳ್ಳುವವನು. ಕರೆಂಟು ಇದೆ, ಫ್ಯಾನು ಇದೆ, ಜನ ಇಲ್ಲ ಎಂಬ ಮೂರು ಕಾರಣಕ್ಕೆ ಆರೋಗ್ಯ ಇಲಾಖೆಯವರು ನಮ್ಮ ಹಳೆಯ ಪತ್ರಿಕೆಗಳ ಕೋಣೆಯನ್ನು ಕೇಳಿ ತೆಗೆದುಕೊಂಡರು. ಅಲ್ಲಿ ಒಂದು ದೊಡ್ಡ ಪರದೆ, ಒಂದು ಕ್ಯಾಮೆರಾ, ಕಿವಿಗೆ ಹಾಕಿಕೊಳ್ಳುವ ಒಂದು ಹೆಡ್‌ಫೋನು ಬಂದು ಕೂತವು. ಮನಸ್ಸಿಗೆ ಹುಷಾರಿಲ್ಲದವರು ಪರದೆಯ ಮುಂದೆ ಕೂತರೆ, ಮಷಿನ್ನು ಮೊದಲು ತಾನೇ ಒಂದಿಷ್ಟು ಪ್ರಶ್ನೆ ಕೇಳುತ್ತದೆ. ಉತ್ತರಗಳನ್ನು ನೋಡಿಕೊಂಡು, ದೂರದ ನಗರದಲ್ಲಿ ಕೂತ ಡಾಕ್ಟರ್ ನಫೀಸಾ ಪರದೆಯ ಮೇಲೆ ಬಂದು ಮಾತಾಡುತ್ತಾರೆ. ಬೀಗದ ಕೈ ನನ್ನ ಹತ್ತಿರ. ಆ ಕೋಣೆಗೂ ನನ್ನ ಮೇಜಿಗೂ ನಡುವೆ ಇದ್ದದ್ದು ಹಲಗೆಯ ತಡಿಕೆ, ಅದೂ ಬಿರುಕು ಬಿಟ್ಟದ್ದು.

ಉದ್ಘಾಟನೆಗೆ ಪುರಸಭೆಯ ಅಧ್ಯಕ್ಷರು ಬಾಳನಗೌಡರು ಬಂದರು. ಪರದೆಯ ಮೇಲೆ ಡಾಕ್ಟರು ಕಾಣಿಸಿಕೊಂಡು ನಮಸ್ಕಾರ ಎಂದದ್ದೇ ತಡ, ಗೌಡರು ಅಂಗಿಯ ಕಾಲರು ಸಡಿಲಿಸಿ, ಕತ್ತನ್ನು ಕ್ಯಾಮೆರಾದ ಹತ್ತಿರ ಒಯ್ದು ನಿಂತುಬಿಟ್ಟರು.

"ಏನಾಯ್ತು ಸರ್, ಕತ್ತು ನೋವಾ?" ಎಂದರು ಡಾಕ್ಟರು.

"ಇಲ್ರಿ. ಮೂಸಿ ನೋಡ್ರಿ ಅಂತ."

ವಾಸನೆ ತಂತಿಯಲ್ಲಿ ಬರುವುದಿಲ್ಲ ಎಂದು ಡಾಕ್ಟರು ತಿಳಿಸಿ ಹೇಳಿದರು. ಜನರೆಲ್ಲ ಮುಖ ಮುಖ ನೋಡಿಕೊಂಡರು. ಮೂಗೇ ಇಲ್ಲದ ವೈದ್ಯ ಯಾವ ಸೀಮೆಯ ವೈದ್ಯ? ಆದರೂ ಬಂದ ಸಾಮಾನು ಪುಕ್ಕಟೆಯದು. ಒಮ್ಮೆ ನೋಡೇಬಿಡೋಣ ಎಂದಾಯಿತು. ಊರಿಗೆ ಬಿಡುವ ಮೊದಲು ಒಬ್ಬ ಆರೋಗ್ಯವಂತನನ್ನು ಕೂರಿಸಿ ಪರೀಕ್ಷಿಸಬೇಕೆಂದು ಇಲಾಖೆಯ ಸೂಚನೆ ಇತ್ತು.

"ನಮ್ಮೂರಾಗ ಮನಸ್ಸಿಗೆ ಏನೂ ಇಲ್ಲದವ್ರು ಯಾರಪಾ?" ಎಂದರು ಗೌಡರು. ಕೇಳುವ ಮೊದಲೇ ಎಲ್ಲರೂ ಒಂದೇ ಕಡೆ ತಿರುಗಿದ್ದರು. "ಹೌದು ನೋಡು. ಇಂವ ಹುಟ್ಟಿದಾಗಿಂದ ಒಂದು ದಿನಾ ನಾರಿಲ್ಲ. ಬಾರೋ ದುಂಡಪ್ಪ."

"ಕುಂತ್ರ ಏನ್ ಕೊಡ್ತೀರಿ ಗೌಡ್ರ?"

"ಚಾ ಕುಡಿಸ್ತೀನಿ."

"ಮನಿ ಚಾ ಬ್ಯಾಡ್ರಿ ಮತ್ತ. ನಿಮ್ಮ ಮನಿಯಾಗ ಭಾಳ ಇಂಗು ಉಳದೈತಿ, ಅದಕ್ಕೂ ಹಾಕಿಗೀಕಿದ್ರ ಕಷ್ಟ."

ಎಲ್ಲರೂ ನಕ್ಕರು. ಗೌಡರು ಸ್ವಲ್ಪ ಟ್ರಂಕಿನ ಹಾಗೆ ವಾಸನೆ ಹೊಡೆದರು. ಅವರ ಮನೆಯಲ್ಲಿ ಅಷ್ಟು ಡಬ್ಬಿ ಯಾಕಿವೆ ಎಂಬುದು ದುಂಡಪ್ಪನಿಗೆ ಮಾತ್ರ ಗೊತ್ತು.

ದುಂಡಪ್ಪ ಹೆಡ್‌ಫೋನು ಹಾಕಿಕೊಂಡು ಕೂತ. ಮಷಿನ್ನಿನ ಪ್ರಶ್ನೆ ಅವನಿಗಷ್ಟೇ ಕೇಳುತ್ತಿತ್ತು. 'ಇಲ್ಲವೇ ಇಲ್ಲ' ಎಂಬಲ್ಲಿಂದ ಹಿಡಿದು 'ದಿನಾಲೂ' ಎಂಬಲ್ಲಿಯವರೆಗೆ ಕೆಳಗೆ ನಾಲ್ಕು ಗುಂಡಿ. ಮೊದಮೊದಲು ನಮ್ಮ ಕಡೆ ತಿರುಗಿ ಚಾಷ್ಟಿ ಮಾಡುತ್ತಿದ್ದ. "ಊಟ ರುಚಿ ಹತ್ತತತೇನು ಅಂತ ಕೇಳ್ತಾಳ್ರಿ ಇಕಿ. ಏ ಕಾಶಿ, ಹೇಳ್ಲೇನ? ಹೇಳಿದ್ರ ರಾತ್ರಿ ಊಟಿಲ್ಲ." ಆಮೇಲೆ ತಿರುಗುವುದು ಕಡಿಮೆಯಾಯಿತು. ಆಮೇಲೆ ತಿರುಗಲೇ ಇಲ್ಲ. ಬೆರಳನ್ನು ಗುಂಡಿಯ ಮೇಲೆ ಇಡುವುದು, ತೆಗೆಯುವುದು, ಮತ್ತೆ ಇಡುವುದು. ಗೌಡರು ಆಗಲೇ ಎರಡು ಸಲ ಆಕಳಿಸಿದ್ದರು. ಕೊನೆಗೆ ಪರದೆ ಕೆಂಪಾಗಿ, ಇವರು ಇವತ್ತೇ ಡಾಕ್ಟರರ ಜೊತೆ ಮಾತಾಡಲೇಬೇಕು ಎಂದು ದೊಡ್ಡ ಅಕ್ಷರದಲ್ಲಿ ಬಂತು.

ಕೋಣೆಯಲ್ಲಿ ನಗೆಯೋ ನಗೆ. "ಮಷಿನ್ ಕೆಟ್ಟೈತಿ." "ಬಂದ ದಿನಾನ ಕೆಡ್ತಲ್ಲೋ." "ಇಂಗಿನ ಘಾಟಿಗೆ ತಲಿ ತಿರುಗಿರಬೇಕು ಅದಕ್ಕ." ಎಲ್ಲರಿಗಿಂತ ಜೋರಾಗಿ ನಕ್ಕವನು ದುಂಡಪ್ಪನೇ. ಪರದೆಯ ಮೇಲೆ ಬಂದ ಡಾಕ್ಟರು ಮಾತ್ರ ನಗಲಿಲ್ಲ. "ಎಲ್ಲರೂ ಸ್ವಲ್ಪ ಹೊರಗೆ ಹೋಗ್ತೀರಾ?" ಎಂದರು. ಹೊರಗೆ ಹೋಗುವುದು ಎಂದರೇನು, ಹೋದರೆ ವಾಸನೆ ಬರುವುದು ನಿಲ್ಲುತ್ತದೆಯೇ ಎಂದು ಗೊಣಗುತ್ತ ಜನ ಹೊರಗೆ ನಡೆದರು. ನಾನು ನನ್ನ ಮೇಜಿಗೆ ಬಂದು ಕೂತೆ.

"ದುಂಡಪ್ಪನವರೇ, ಗುಂಡಿ ತಪ್ಪಿ ಒತ್ತಿದ್ರಾ?" ತಡಿಕೆಯಾಚೆ ಡಾಕ್ಟರರ ದನಿ.

ಕುರ್ಚಿ ಪರದೆಯ ಹತ್ತಿರ ಸರಿದ ಸದ್ದು. ಆಮೇಲೆ: "ಬಾಯಾರ, ನಿಮಗ ನನ್ನ ವಾಸನಿ ಬರಂಗಿಲ್ಲೇನ್ರಿ?"

"ಇಲ್ಲಪ್ಪ. ನನಗೆ ಯಾರದೂ ಬರಲ್ಲ. ನೀವು ಹೇಳಿದ್ರೆ ಮಾತ್ರ ಗೊತ್ತಾಗೋದು."

"ಯಾರದೂ?"

"ಯಾರದೂ."

"ಹಂಗಾದ್ರ ಇಲ್ಲೆ ನಾನೂ ಎಲ್ಲಾರಂಗ ಆದ್ನೆಲ್ರಿ," ಎಂದ ದುಂಡಪ್ಪ. ಆಮೇಲೆ ಹೇಳತೊಡಗಿದ. ನಿದ್ದೆ ಹೋದದ್ದು, ರುಚಿ ಹೋದದ್ದು. ನಗೆಮಾತು ಬಾಯಿಂದ ತಾನಾಗಿ ಬರುತ್ತದೆ, ಅದು ತನ್ನದಲ್ಲ ಎಂಬ ಹಾಗೆ ಕೇಳಿಸುತ್ತದೆ ಎಂದದ್ದು. "ಮಂದಿ ಬಂದು ಹೇಳಿ ಹಗುರ ಆಗಿ ಹೋಗ್ತಾರ್ರಿ. ಹೋಗ್ಲಿ, ಚೊಲೊನ ಆತು. ಅದೆಲ್ಲ ಎಲ್ಲಿ ಇಡೂದು ಅಂತ ನನಗೊಬ್ಬಂಗ ತಿಳೀವಲ್ದು." ಡಾಕ್ಟರು ಮೆಲ್ಲಗೆ ಏನೋ ಕೇಳಿದರು. ಅವನು ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: "ಹೌದ್ರಿ. ಡಬ್ಬಿ ಮುಚ್ಚಿದಂಗ ನನ್ನೂ ಮುಚ್ಚಿಬಿಡ್ಲಿ ಅನಸ್ತತಿ. ಈಗೀಗ ದಿನಾ ಅನಸ್ತತಿ." ಕಿವಿಗೆ ಮುಚ್ಚಳವಿಲ್ಲ, ಆದರೆ ಕುರ್ಚಿ ಎತ್ತಬಹುದಲ್ಲ. ಎತ್ತಿಕೊಂಡು ಬಾಗಿಲ ಹತ್ತಿರ ಹೋಗಿ ಕೂತೆ.

ಡಾಕ್ಟರು ಅವನನ್ನು ಕೇಳಿಯೇ ಕಾಶವ್ವನನ್ನು ಒಳಗೆ ಕರೆಸಿದರು. ಇವರನ್ನು ಒಂಟಿಯಾಗಿ ಬಿಡಬೇಡಿ, ಮಾತ್ರೆ ಬರೆದಿದ್ದೇನೆ, ದಿನಾ ಸಂಜೆ ನಾನೇ ಫೋನು ಮಾಡುತ್ತೇನೆ, ಮುಂದಿನ ವಾರ ಮತ್ತೆ ಇಲ್ಲಿ ಕೂರಿಸಿ ಎಂದರು. ನಿದ್ದೆ ಎಷ್ಟಾಯಿತೆಂದು ಅಲ್ಲಿಗೇ ತಿಳಿಸುವ, ಮಷಿನ್ನಿನ ಜೊತೆಗೇ ಬಂದಿದ್ದ ಗಡಿಯಾರದಂಥ ಒಂದು ಪಟ್ಟಿಯನ್ನು ಅವನ ಕೈಗೆ ಕಟ್ಟಿಸಿದರು. ಕಾಶವ್ವ ಗಂಡನನ್ನು ತಲೆಯಿಂದ ಕಾಲಿನವರೆಗೆ ಮೂಸಿದಳು.

"ಏನೂ ಇಲ್ರಿ ಬಾಯಾರ. ಬರೇ ಇಂಗು."

"ಕಾಶವ್ವನವರೇ, ಅವರೇ ಹೇಳ್ತಿದ್ದಾರೆ."

"ಅವರು ಏನರ ಹೇಳ್ತಾರ. ಚಾಷ್ಟಿ ಮಾಡೋ ಮನುಷ್ಯಾ. ಊರಾಗಿನ ಲಗ್ನ ಎಲ್ಲ ನನ್ನ ಮೂಗಿನ ಮ್ಯಾಲೆ ಆಗ್ಯಾವು. ನನ್ನ ಬಗಲಾಗ ಮಲಗೋ ಗಂಡಂದು ನನಗ ತಿಳಿಯಂಗಿಲ್ಲೇನ್ರಿ?" ಅವಳ ಸೆರಗಿನಿಂದ ಸೀದ ಸಾಸಿವೆಯ ಘಾಟು ಬಂತು, ಅದರ ಹಿಂದೆಯೇ, ಸಣ್ಣಗೆ, ಟ್ರಂಕಿನದೂ.

ಆ ವಾರ ಊರಿನಲ್ಲಿ ಬೇರೆ ಮಾತೇ ಇರಲಿಲ್ಲ. ಇಂಗಿನ ದುಂಡಪ್ಪನಿಗೇ ರೋಗ ಹಚ್ಚಿದ ಮಷಿನ್ನು ನಮ್ಮನ್ನೆಲ್ಲ ಏನು ಮಾಡೀತು ಎಂದು ಒಬ್ಬರೂ ಆ ಕುರ್ಚಿಯ ಹತ್ತಿರ ಸುಳಿಯಲಿಲ್ಲ. ದುಂಡಪ್ಪ ಎಂದಿನ ಹಾಗೆ ನಾದುತ್ತಿದ್ದ, ನಗಿಸುತ್ತಿದ್ದ. ಕಾಶವ್ವ ನಂಬಲಿಲ್ಲವಾದರೂ ಡಾಕ್ಟರು ಹೇಳಿದ್ದಾರೆಂದು ಇಡೀ ದಿನ ಇಂಗಿನ ಮನೆಯಲ್ಲೇ ಕೂತಳು. ಅವಳಿದ್ದಾಳೆಂದು ಅಳುವವರು ಬರಲಿಲ್ಲ. ಊರಿನಲ್ಲಿ ಅಲ್ಲಲ್ಲಿ ಒದ್ದೆ ಗೋಣಿಚೀಲದ ವಾಸನೆ ಜಾಸ್ತಿಯಾಯಿತು. ಅದನ್ನೂ ಮಷಿನ್ನಿನ ಲೆಕ್ಕಕ್ಕೇ ಬರೆದರು.

ಮುಂದಿನ ವಾರ ದುಂಡಪ್ಪ ಕೂರುವ ದಿನವೇ ಬಾಳನಗೌಡರು ಮಷಿನ್ನು ಬಂದ ರಟ್ಟಿನ ಪೆಟ್ಟಿಗೆಯನ್ನು ಹುಡುಕಿಸಿಕೊಂಡು ಲೈಬ್ರರಿಗೆ ಬಂದರು. ಹಿಂದೆ ಅರ್ಧ ಊರು. "ಸರ, ಇದನ್ನ ಕಟ್ಟಿ ವಾಪಸ್ ಕಳಸೂಣು. ಕೆಟ್ಟ ಸಾಮಾನು ಇಟ್ಕೊಂಡು ಊರಿನ ಹೆಸರು ಕೆಡೂದು ಬ್ಯಾಡ." ಇವತ್ತಿನದೊಂದು ಮುಗಿಯಲಿ, ಆ ಮನುಷ್ಯನಿಗೆ ಡಾಕ್ಟರು ಬರಹೇಳಿದ್ದಾರೆ ಎಂದು ನಾನು ಗೋಗರೆದೆ. ತಡಿಕೆಯಾಚೆಯಿಂದ ಕೇಳಿದ್ದ ಇನ್ನೊಂದು ವಾಕ್ಯವೂ ಬಾಯಿಗೆ ಬಂದಿತ್ತು, ಅದು ನಾನು ಹೇಳುವಂಥದ್ದಲ್ಲ. ಗೌಡರು ನನ್ನನ್ನು ಮೂಸಿ, ನಾನು ಹೆದರಿದ್ದೇನೆಂದು ತಿಳಿದು, ಯಾಕೆಂದು ತಿಳಿಯದೆ ಒಪ್ಪಿದರು. ಜನ ಮಾತ್ರ ಹೊರಗೆ ಹೋಗಲಿಲ್ಲ.

"ದುಂಡಪ್ಪನವರೇ, ಪಟ್ಟಿ ಏನು ಹೇಳ್ತಿದೆ ಅಂತ ಇವರ ಮುಂದೆ ಹೇಳಬಹುದಾ? ಬೇಡ ಅಂದ್ರೆ ಎಲ್ಲರನ್ನೂ ಕಳಿಸ್ತೀನಿ," ಎಂದರು ಡಾಕ್ಟರು.

ದುಂಡಪ್ಪ ಎಲ್ಲರನ್ನೂ ಒಮ್ಮೆ ನೋಡಿದ. ಅಲ್ಲಿದ್ದವರಲ್ಲಿ ಅವನ ಮುಂದೆ ಒಮ್ಮೆಯಾದರೂ ಅಳದವರು ಯಾರೂ ಇರಲಿಲ್ಲ. "ಹೇಳ್ರಿ," ಎಂದ.

"ಈ ವಾರ ನೀವು ನಿದ್ದೆ ಮಾಡೇ ಇಲ್ಲ ಅನ್ನಬಹುದು. ಬೆಳಗಿನ ಜಾವ ಸ್ವಲ್ಪ ಕಣ್ಣು ಹತ್ತಿದೆ, ಅಷ್ಟೆ."

ಕಾಶವ್ವ ಮುಂದೆ ಬಂದಳು. ಗೆದ್ದವಳ ಮುಖ. "ಈಗ ಸಿಕ್ತು ನೋಡ್ರಿ ಸುಳ್ಳು. ಬಗಲಾಗ ಮಲಗಾಕಿ ನಾನು. ರಾತ್ರಿ ತುಂಬಾ ಗೊರಕಿ ಹೊಡೀತಾರ. ಓಣ್ಯಾಗಿನ ನಾಯಿಗೊಳು ಊರು ಬಿಟ್ಟು ಹೋಗ್ಯಾವು."

ಕೋಣೆ ನಕ್ಕಿತು. ಗೌಡರು ಪೆಟ್ಟಿಗೆಯ ಮುಚ್ಚಳ ಬಿಡಿಸಿದರು. ದುಂಡಪ್ಪನೂ ನಕ್ಕ, ಆದರೆ ಎಲ್ಲರ ನಗೆ ನಿಂತ ಮೇಲೂ ಅವನದು ನಿಲ್ಲಲಿಲ್ಲ. ನಿಲ್ಲಿಸಲು ಗೊತ್ತಾಗದವನ ಹಾಗೆ ನಗುತ್ತಲೇ ಇದ್ದ. ಕಾಶವ್ವ ಅವನನ್ನು ನೋಡುತ್ತ ನಿಂತಳು. ಅವಳ ಮುಖದ ಮೇಲಿನ ಗೆಲುವು ಸ್ವಲ್ಪಸ್ವಲ್ಪವಾಗಿ ಕಡಿಮೆಯಾಯಿತು.

"ನಾ ನೀರು ಕುಡಿಯಾಕ ಎದ್ದಾಗ ನಿಲ್ತತಿ," ಎಂದಳು, ಯಾರಿಗೂ ಅಲ್ಲ ಎಂಬಂತೆ. "ನಾ ಬಂದು ಮಲಗಿದ ಮ್ಯಾಲೆ ಮತ್ತ ಸುರು ಆಗತತಿ."

ಕಾಶವ್ವ ಗಂಡನ ಹತ್ತಿರ ಹೋಗಿ ರೂಢಿಯಂತೆ ಒಮ್ಮೆ ಮೂಸಿದಳು. ಇಂಗು. ಇನ್ನೊಮ್ಮೆ ಮೂಸಿದಳು. ಆಮೇಲೆ ಸೆರಗಿನ ತುದಿಯಿಂದ ಮೂಗನ್ನು ಒರೆಸಿಕೊಂಡು, ಅರ್ಧ ಊರಿನ ಎದುರಿಗೆ, ಆ ಮೂಗಿನ ಮೇಲೆ ಬೆರಳಿಟ್ಟಳು.

"ತಪ್ಪು ತಿಳೀಬ್ಯಾಡ್ರಿ," ಎಂದಳು. "ನನ್ನ ಮೂಗು ಕಟ್ಟೇತಿ. ಹ್ಯಾಂಗ ಅದೀರಿ ನೀವು?"

ದುಂಡಪ್ಪನ ನಗೆ ನಿಂತಿತು.

"ಚೊಲೊ ಇಲ್ಲ, ಕಾಶಿ," ಎಂದ. "ಭಾಳ ದಿನಾತು."

"ಮತ್ತ ಗೊರಕಿ?"

"ನೀ ಅರಾಮ ಮಲಗ್ಲಿ ಅಂತ."

ನಾನು ಒಂದಿಷ್ಟು ಓದಿದವನು, ಬೇಕಾದಷ್ಟು ಪುಸ್ತಕ ನನ್ನ ಹಿಂದೆಯೇ ಕಪಾಟಿನಲ್ಲಿದ್ದವು. ಒಂದೂ ನೆನಪಿಗೆ ಬರಲಿಲ್ಲ. ಕೋಣೆಯ ತುಂಬ ಒದ್ದೆ ಗೋಣಿಚೀಲದ ವಾಸನೆ ಎದ್ದಿತ್ತು; ಗೌಡರಿಂದ, ನನ್ನಿಂದ, ಬಾಗಿಲಲ್ಲಿ ನಿಂತ ಸೊಸೆಯಂದಿರಿಂದ, ಕಾಶವ್ವನಿಂದ ಎಲ್ಲರಿಗಿಂತ ಹೆಚ್ಚು. ಅಷ್ಟು ಜನರಲ್ಲಿ ನಾರದೆ ಇದ್ದವನು ದುಂಡಪ್ಪನೊಬ್ಬನೇ. ಗೌಡರು ಬಿಡಿಸಿದ ಮುಚ್ಚಳವನ್ನು ಮೆಲ್ಲಗೆ ಮಡಚಿ, ಪೆಟ್ಟಿಗೆಯನ್ನು ಕಾಲಿನಿಂದ ಮೇಜಿನ ಕೆಳಗೆ ಸರಿಸಿದರು. "ಇರ್ಲಿ ಬಿಡ್ರಿ ಮಷಿನ್," ಎಂದರು. "ಹುಟ್ಟಾ ನೆಗಡಿ ಇದ್ದದ್ದು ಅದು. ಕೇಳಿ ತಿಳಕೋತತಿ, ಪಾಪ." ಆಮೇಲೆ ಯಾರೂ ಹೇಳದಿದ್ದರೂ ಎಲ್ಲರೂ ಹೊರಗೆ ಹೋದೆವು. ಒಳಗೆ ಮೂವರು ಬಹಳ ಹೊತ್ತು ಮಾತಾಡಿದರು, ಇಬ್ಬರು ಕುರ್ಚಿಯ ಮೇಲೆ, ಒಬ್ಬರು ಪರದೆಯ ಮೇಲೆ.

ಮರುದಿನವೇ ಎಲ್ಲ ಸರಿಹೋಯಿತು ಎಂದರೆ ನಾನೇ ನುಸಿಗುಳಿಗೆಯ ಹಾಗೆ ನಾರಬೇಕಾಗುತ್ತದೆ. ಮೊದಮೊದಲು ಮಾತ್ರೆಯಿಂದ ಹೊಟ್ಟೆ ಕೆಟ್ಟಿತು. ಡಾಕ್ಟರು ಮಾತ್ರೆ ಬದಲಿಸಿದರು. ಒಂದು ವಾರ ದುಂಡಪ್ಪ ಪರದೆಯ ಮುಂದೆ ಸುಮ್ಮನೇ ಕೂತು ಎದ್ದುಬಂದ. ಇನ್ನೊಂದು ವಾರ ಮಾತಿನ ನಡುವೆ ನೆಟ್ ಹೋಗಿ, ಬರುವವರೆಗೆ ಇಬ್ಬರೂ ಆಚೀಚೆ ಕಾದರಂತೆ. ನಿದ್ದೆ ಬಂತು, ಹೋಯಿತು, ಮತ್ತೆ ಬಂತು. ಪಟ್ಟಿಯಲ್ಲಿ ನಿದ್ದೆ ಚೆನ್ನಾಗಿ ಕಾಣುತ್ತಿದೆ ಎಂದು ಡಾಕ್ಟರು ಖುಷಿಯಿಂದ ಹೇಳಿದ ದಿನ ಕಾಶವ್ವ ದೂರು ತಂದಿದ್ದಳು. "ಈಗ ಗೊರಕೀನ ಇಲ್ರಿ ಬಾಯಾರ. ಕೂಸಿನಂಗ ಸುಮ್ಮನ ಮಲಗ್ತಾರ. ನನಗ ನಿದ್ದಿ ಬರವಲ್ದು. ಅದಕ್ಕೇನರ ಮಾತ್ರಿ ಅದಾವೇನ್ರಿ?"

ಊರಿನವರೂ ಒಬ್ಬೊಬ್ಬರಾಗಿ ಆ ಕುರ್ಚಿಗೆ ಬರತೊಡಗಿದರು. ಬಾಯಿ ಬಿಟ್ಟು ಹೇಳುವುದು ನಮಗೆ ಹೊಸ ವಿದ್ಯೆ. ಡಾಕ್ಟರು 'ಹೇಗಿದ್ದೀರಿ' ಎಂದರೆ ಮೊದಲು ಮೋರೆ ಗಂಟಿಕ್ಕುತ್ತಾರೆ. ಒಬ್ಬ ಅಜ್ಜಿಯಂತೂ, "ನೆಗಡಿ ವಾಸಿ ಮಾಡ್ಕೋ ತಂಗಿ, ಆಮ್ಯಾಲೆ ಬರ್ತೀನಿ" ಎಂದು ಎದ್ದುಹೋಗಿದ್ದಳು. ಮರುವಾರ ತಾನಾಗಿ ಬಂದಳು.

ಇಂಗಿನ ಮನೆ ಮುಚ್ಚಲಿಲ್ಲ. ಬಾಗಿಲಲ್ಲಿ ಈಗ ಕಾಶವ್ವ ಒಂದು ಮಣೆ ಹಾಕಿಕೊಂಡು ಕೂರುತ್ತಾಳೆ. ಅಳುವುದಕ್ಕೆ ಬಂದವರಿಗೆ ಅಡ್ಡಿಯಿಲ್ಲ, ಆದರೆ ಒಳಗೆ ಹೋಗುವ ಮೊದಲು ದುಂಡಪ್ಪನನ್ನು ಹೇಗಿದ್ದೀರಿ ಎಂದು ಕೇಳಬೇಕು, ಅವನು ಹೇಳುವುದನ್ನು ನಿಂತು ಕೇಳಬೇಕು. ಅದು ಅವಳ ಕಾಯಿದೆ.

ಮೊನ್ನೆ ನನಗೂ ಅಲ್ಲಿಗೆ ಹೋಗುವ ಹಾಗಾಯಿತು. ಕಾರಣ ಈ ಕಥೆಗೆ ಈಗಲೂ ಬೇಕಿಲ್ಲ. ಓಣಿ ದಾಟುವಾಗ ಜನ ನನ್ನನ್ನು ಮೂಸಿ ದಾರಿ ಬಿಟ್ಟರು ಎಂದರೆ ಸಾಕು.

"ಕೇಳ್ರಿ ಮೊದಲ," ಎಂದಳು ಕಾಶವ್ವ, ಮಣೆಯಿಂದ ಏಳದೆ.

ನಾನು ಮೂಗಿನ ಮೇಲೆ ಬೆರಳಿಟ್ಟುಕೊಂಡೆ. "ದುಂಡಪ್ಪಣ್ಣ, ಹ್ಯಾಂಗ ಅದೀರಿ?"

ಅವನು ನಾದುವುದನ್ನು ನಿಲ್ಲಿಸಿದ. ಕೈಗೆ ಹತ್ತಿದ ಇಂಗನ್ನು ತೆಗೆಯುತ್ತ, ಒಳಗೆ ಎಲ್ಲೋ ಹೋಗಿ ನೋಡಿಕೊಂಡು ಬಂದವನ ಹಾಗೆ ಸ್ವಲ್ಪ ಹೊತ್ತು ತಡೆದ.

"ಇವತ್ತು ಅಷ್ಟು ಚೊಲೊ ಇಲ್ಲ ಸರ," ಎಂದ. "ಇವತ್ತು ನಿಮ್ಮದು ಕೇಳಾಕ ಆಗಂಗಿಲ್ಲ. ನಾಳೆ ಬರ್ರಿ."

ಅವನು ಒಬ್ಬರಿಗಾದರೂ ಆಗುವುದಿಲ್ಲ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಬಂದ ದಾರಿಯಲ್ಲೇ ತಿರುಗಿದೆ. ಡಬ್ಬಿ ಕೊಳ್ಳುವುದೂ ಮರೆತಿತ್ತು. ಓಣಿಯ ತಿರುವಿನಲ್ಲಿ ಬಾಳನಗೌಡರು ಎದುರಾದರು. ನನ್ನ ಹತ್ತಿರ ಬರುತ್ತಿದ್ದಂತೆ ನಿಂತು, ಗಾಳಿಯನ್ನು ಉದ್ದಕ್ಕೆ ಎಳೆದುಕೊಂಡರು.

"ಏನ್ ಸರ, ತುಪ್ಪದಾಗ ರವಾ ಹುರಿದಂಗ ಹೊಡ್ಯಾಕತ್ತೀರಿ. ಯಾರ ಮನಿ ಲಗ್ನ?"

"ಲಗ್ನ ಅಲ್ರಿ ಗೌಡ್ರ," ಎಂದೆ. "ಇಂಗಿನ ಮನಿಗೆ ಹೋಗಿದ್ದೆ. ಹೊರಗ ಹಾಕಿದ್ರು."